ಮುಕ್ಕಾಲು ಮೂರುವೀಸ

ಸಭೆ ಮುಗಿಯುವ ಮೊದಲೇ ಮುಕ್ಕಾಲು ಮೂರುವೀಸ ಜನ ಎದ್ದುಹೋದರು ಎಂದು ನಾವು ಸಲೀಸಾಗಿ ಹೇಳಿಬಿಡುತ್ತೇವೆ. ಹಾಗೆಂದರೆ ಎಷ್ಟು ಜನ ಎಂದು ಯಾರಾದರೂ ತಡೆದು ಕೇಳಿದರೆ ಉತ್ತರ ಸುಲಭವಾಗಿ ಹೊರಡುವುದಿಲ್ಲ. ‘ಬಹಳ ಜನ, ಹೆಚ್ಚುಕಡಿಮೆ ಎಲ್ಲರೂ’ ಎಂದು ಕೈಯಾಡಿಸಿ ಸುಮ್ಮನಾಗುತ್ತೇವೆ. ಮುಕ್ಕಾಲು ಎಲ್ಲರಿಗೂ ಗೊತ್ತು. ಅದರ ಬೆನ್ನಿಗೆ ಅಂಟಿಕೊಂಡು ಬಂದಿರುವ ಈ ಮೂರುವೀಸ ಯಾರು?

ಈ ಮಾತನ್ನು ಮೊದಲು ಬಳಸಿದವರು ಹೆಚ್ಚುಕಡಿಮೆಯ ಜನವಲ್ಲ. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ಮುಕ್ಕಾಲು ಎಂದರೆ ಹನ್ನೆರಡು ವೀಸ. ಅದರ ಮೇಲೆ ಮೂರು ವೀಸ ಕೂಡಿದರೆ ಹದಿನೈದು. ಪೂರ್ಣಕ್ಕೆ ಒಂದೇ ಒಂದು ವೀಸ ಕಡಿಮೆ. ಸಭೆಯಲ್ಲಿ ನೂರ ಅರವತ್ತು ಜನ ಕುಳಿತಿದ್ದರೆಂದುಕೊಳ್ಳಿ. ನೂರೈವತ್ತು ಮಂದಿ ಎದ್ದುಹೋದರು, ಹತ್ತು ಮಂದಿ ಉಳಿದರು ಎಂದಾಯಿತು. ನಾವು ಅಂದಾಜಿನ ಮಾತೆಂದು ಬಳಸುತ್ತಿರುವುದು ತಕ್ಕಡಿಯಲ್ಲಿಟ್ಟು ತೂಗಿದ ಲೆಕ್ಕ.

ದಿನಬಳಕೆಯ ನುಡಿಗಟ್ಟುಗಳಲ್ಲಿ ಇಂಥ ಲೆಕ್ಕಗಳು ಎಷ್ಟೋ ಅಡಗಿವೆ. ಚಲಾವಣೆ ತಪ್ಪಿದ ನಾಣ್ಯಗಳೂ ಮೂಲೆಗೆ ಬಿದ್ದ ಅಳತೆಗಳೂ ಅಂಗಡಿಯಿಂದ ಹೊರಟುಹೋದ ಮೇಲೆ ಬಾಯಲ್ಲಿ ಬಂದು ನೆಲೆಸಿವೆ. ಅವನ್ನು ಒಂದಿಷ್ಟು ಬಿಚ್ಚಿ ನೋಡಿದರೆ, ಯಾವ ನಾಣ್ಯ ಭಾಷೆಯಲ್ಲಿ ಉಳಿಯಿತು, ಯಾವುದು ಹೇಳಹೆಸರಿಲ್ಲದೆ ಹೋಯಿತು ಎಂಬುದರಲ್ಲಿ ನಮ್ಮ ನಾಡಿನ ಚರಿತ್ರೆಯ ಒಂದು ಎಳೆ ಸಿಕ್ಕುತ್ತದೆ.

ಮೊದಲು ವೀಸದ ಮಾತನ್ನೇ ಮುಗಿಸೋಣ. ಅದು ನಮ್ಮ ಭಾಷೆಗೆ ನಿನ್ನೆ ಮೊನ್ನೆ ಬಂದುದಲ್ಲ. ಬಿ. ಎಲ್. ರೈಸರು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಕೂಡಿಹಾಕಿದ ಶಾಸನಗಳನ್ನು ತಿರುವಿಹಾಕುವವರಿಗೆ ಗದ್ಯಾಣ, ಪಣ, ಹಾಗ, ವೀಸ ಎಂಬ ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಹಾಗವೆಂದರೆ ಪಣದ ಕಾಲುಭಾಗ; ವೀಸ ಹದಿನಾರನೆಯ ಭಾಗ. ಸಂತೆಗೆ ಬಂದ ಸರಕಿನ ಮೇಲಿನ ಸುಂಕ, ದೇವಸ್ಥಾನದ ದೀಪದ ಎಣ್ಣೆ, ಇವೆಲ್ಲ ಇಂಥ ಚಿಕ್ಕ ಚಿಕ್ಕ ಪಾಲುಗಳಲ್ಲಿ ನಡೆಯುತ್ತಿದ್ದುವು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯನೆಂಬ ಜೈನ ಕವಿ ‘ವ್ಯವಹಾರಗಣಿತ’ವೆಂಬ ಗ್ರಂಥವನ್ನೇ ಕನ್ನಡದಲ್ಲಿ ಬರೆದ. ಲೆಕ್ಕ ಬಲ್ಲವನಿಗೆ ಅಂದು ಅಷ್ಟು ಬೆಲೆಯಿತ್ತು. ಮುಂದೆ ಕೂಲಿಮಠದ ಮಕ್ಕಳು ಒಂದು ಎರಡರ ಮಗ್ಗಿಯ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ರಾಗವಾಗಿ ಒಪ್ಪಿಸಬೇಕಾಗಿತ್ತು. ಆ ಮಗ್ಗಿ ಕಲಿತ ಬಾಯಿಗೆ ‘ಮುಕ್ಕಾಲು ಮೂರುವೀಸ’ ಒಗಟಾಗಿರಲಿಲ್ಲ.

ಹದಿನಾರೇ ಏಕೆ ಎಂದು ಕೇಳಬಹುದು. ರಾಶಿಯ ಮುಂದೆ ಕುಳಿತ ರೈತನಿಗೆ ಹತ್ತು ಪಾಲು ಮಾಡುವುದು ಕಷ್ಟ; ಎರಡು ಪಾಲು ಮಾಡುವುದು ಸುಲಭ. ಅರ್ಧವನ್ನು ಮತ್ತೆ ಅರ್ಧ ಮಾಡಿದರೆ ಕಾಲು. ಅದನ್ನು ಮತ್ತೆ ಮುರಿದರೆ ಎಂಟರಲ್ಲೊಂದು. ಇನ್ನೊಮ್ಮೆ ಮುರಿದರೆ ಹದಿನಾರರಲ್ಲೊಂದು. ನಾಲ್ಕು ಸಲ ಸರಿಪಾಲು ಮಾಡಿದರೆ ವೀಸ ಸಿದ್ಧ. ಹಗ್ಗವಾದರೂ ಸರಿ, ಬೆಲ್ಲದ ಅಚ್ಚಾದರೂ ಸರಿ, ಕಣ್ಣಳತೆಯೇ ಸಾಕು. ರೂಪಾಯಿಗೆ ಹದಿನಾರು ಆಣೆ, ಸೇರಿಗೆ ಹದಿನಾರು ಛಟಾಕು ಎಂಬ ಲೆಕ್ಕಗಳೂ ಇದೇ ಜಾಡಿನಲ್ಲಿ ನಡೆದುವು.

ಹೀಗೆ ಉತ್ತರದಿಂದ ಬಂದ ಆಣೆ ನಮ್ಮ ವೀಸದ ಮಗ್ಗುಲಲ್ಲಿ ಕುಳಿತುಕೊಂಡಿತು. ‘ಅವನು ಹೇಳಿದ್ದು ಹದಿನಾರಾಣೆ ಸತ್ಯ’ ಎನ್ನುತ್ತೇವೆ. ರೂಪಾಯಿಗೆ ಒಂದು ಬಿಡಿಗಾಸೂ ಕಡಿಮೆಯಿಲ್ಲ ಎಂದು ಅರ್ಥ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಈ ನುಡಿಗಟ್ಟನ್ನು ವಿವರಿಸಿರೆಂದು ಕೇಳಿದಾಗ ಒಬ್ಬ ಹುಡುಗ, ದೇವರ ಮೇಲೆ ಹದಿನಾರು ಸಲ ಆಣೆಯಿಟ್ಟು ಹೇಳಿದಷ್ಟು ಸತ್ಯ ಎಂದು ಬರೆದಿದ್ದ. ಆಣೆಯ ನಾಣ್ಯವನ್ನು ಅವನ ತಂದೆಯೂ ಎಣಿಸಿದ್ದಿರಲಾರ. ಆದರೆ ‘ಅಮ್ಮನಾಣೆ’, ‘ದೇವರಾಣೆ’ ಎನ್ನುವುದನ್ನು ಅವನು ದಿನವೂ ಕೇಳುತ್ತಾನೆ. ಪ್ರಮಾಣದ ಆಣೆ ಸಂಸ್ಕೃತದ ‘ಆಜ್ಞಾ’ದಿಂದ ಇಳಿದು ಬಂದುದು; ನಾಣ್ಯದ ಆಣೆ ಹಿಂದುಸ್ತಾನಿಯ ‘ಆನಾ’. ಎರಡಕ್ಕೂ ನಂಟಿಲ್ಲ. ಆದರೂ ಆ ಹುಡುಗನ ವಿವರಣೆ ನಿಜವಾದ ವಿವರಣೆಗಿಂತ ಸೊಗಸಾಗಿದೆಯೆಂದು ನನಗೆ ಅನ್ನಿಸಿತು. ಇನ್ನೊಂದು ತಲೆಮಾರು ಕಳೆದರೆ ಅವನ ಅರ್ಥವೇ ಗೆದ್ದರೂ ಆಶ್ಚರ್ಯವಿಲ್ಲ.

ಆಣೆ ಬಹುಕಾಲ ಕೈಗೆ ಸಿಕ್ಕುವ ನಾಣ್ಯವೇ ಆಗಿರಲಿಲ್ಲ. ಅದು ಲೆಕ್ಕದಲ್ಲಿದ್ದ ಪಾಲು. ಅಂಚು ಅಲೆಯಲೆಯಾಗಿದ್ದ ಒಂದಾಣೆಯ ಬಿಲ್ಲೆ ಬಂದುದು ೧೯೦೭ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಜನ ‘ಅಂಗಡಿಯಲ್ಲಿ ಅವನದು ನಾಲ್ಕಾಣೆ ಪಾಲು’, ‘ಜಮೀನಿನಲ್ಲಿ ನನಗೆ ಎಂಟಾಣೆ ಭಾಗ’ ಎನ್ನುತ್ತಿದ್ದರು. ಹಳೆಯ ವಿಭಾಗಪತ್ರಗಳನ್ನು ಓದುವ ವಕೀಲರಿಗೆ ಈ ಮಾತು ಇಂದಿಗೂ ಬೇಕು.

ರೈತನಿಗಂತೂ ಆಣೆಯ ಮಾತು ಹೊಟ್ಟೆಯ ಮಾತಾಗಿತ್ತು. ‘ಈ ಸಲ ಎಂಟಾಣೆ ಬೆಳೆ’ ಎಂದರೆ ಹುಲುಸಾದ ವರ್ಷದ ಅರ್ಧ ಫಸಲು. ಮುಂಬಯಿ ಇಲಾಖೆಯಲ್ಲಿ ಕಂದಾಯದ ಅಧಿಕಾರಿಗಳು ಬೆಳೆಯನ್ನು ಅಳೆದು ಇಷ್ಟಾಣೆ ಎಂದು ಗೊತ್ತುಮಾಡುತ್ತಿದ್ದರು. ಅದಕ್ಕೆ ಆಣೆವಾರಿ ಎಂದು ಹೆಸರು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರಗಳು ಅಂದು ಆ ಇಲಾಖೆಗೇ ಸೇರಿದ್ದುವು. ನಾಲ್ಕಾಣೆ ಅಥವಾ ಅದಕ್ಕಿಂತ ಕಡಿಮೆ ಬೆಳೆದಿದ್ದರೆ ಆ ವರ್ಷದ ಕಂದಾಯದ ವಸೂಲಿಯನ್ನು ಪೂರ್ತಿಯಾಗಿ ತಡೆಹಿಡಿಯಬೇಕೆಂದು ನಿಯಮ. ೧೯೧೮ರಲ್ಲಿ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಗಾಂಧೀಜಿ ಸತ್ಯಾಗ್ರಹ ಹೂಡಿದುದು ಇದೇ ನಾಲ್ಕಾಣೆಯ ಮೇಲೆ. ಬೆಳೆ ನಾಲ್ಕಾಣೆಗಿಂತ ಕೆಳಗಿದೆ ಎಂದು ರೈತರು. ಇಲ್ಲ, ಮೇಲಿದೆ ಎಂದು ಸರ್ಕಾರ. ಒಂದಾಣೆ ಅತ್ತಿತ್ತ ಆದರೆ ಎತ್ತು ಹರಾಜಿಗೆ ಬರುವುದೋ ಕೊಟ್ಟಿಗೆಯಲ್ಲಿ ಉಳಿಯುವುದೋ ತೀರ್ಮಾನವಾಗುತ್ತಿತ್ತು. ‘ನಾಲ್ಕಾಣೆ ಕೆಲಸ ಮಾಡಿ ಬಂದ’ ಎಂದು ಸೋಮಾರಿಯನ್ನು ಮೂದಲಿಸುವಾಗ ನಮಗೆ ಈ ನಾಲ್ಕಾಣೆಯ ನೆನಪು ಇರುವುದಿಲ್ಲ.

ಇದೇ ನಾಲ್ಕಾಣೆ ಇನ್ನೊಂದು ಕಡೆ ಗೌರವವನ್ನೂ ಪಡೆಯಿತು. ೧೯೨೦ರ ನಾಗಪುರದ ಅಧಿವೇಶನದಲ್ಲಿ ಕಾಂಗ್ರೆಸ್ಸಿನ ಸದಸ್ಯತ್ವಕ್ಕೆ ವರ್ಷಕ್ಕೆ ನಾಲ್ಕಾಣೆ ಚಂದಾ ಎಂದು ಗೊತ್ತಾದಮೇಲೆ ಹೊಲದಲ್ಲಿ ದುಡಿಯುವವನೂ ಪಟ್ಟಣದ ಬ್ಯಾರಿಸ್ಟರನೂ ಒಂದೇ ಬೆಲೆಯ ಸದಸ್ಯರಾದರು. ‘ನಾಲ್ಕಾಣೆ ಸದಸ್ಯ’ ಎಂಬುದು ಹೀಗೆ ಹುಟ್ಟಿದ ಮಾತು. ೧೯೨೪ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ನಮ್ಮ ಬೆಳಗಾವಿಯಲ್ಲೇ ಕೂಡಿದ ಕಾಂಗ್ರೆಸ್ಸು ಆ ನಾಲ್ಕಾಣೆಯ ಬದಲಿಗೆ ತಿಂಗಳಿಗೆ ಎರಡು ಸಾವಿರ ಗಜ ನೂಲು ಕೊಡಬೇಕೆಂದು ನಿರ್ಧರಿಸಿತು. ಅದು ಬಹಳ ದಿನ ನಡೆಯಲಿಲ್ಲ. ನೂಲಿಗಿಂತ ಆಣೆಯೇ ಸುಲಭವೆಂದು ಬೇಗ ತಿಳಿದುಬಂತು.

ಇನ್ನು ಈ ಲೇಖನದ ಮುಖ್ಯ ವಿಷಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಸಂಪತ್ತಿಗೆ ಸಾಮಾನ್ಯವಾಗಿ ಬಳಸುವ ಹೆಸರುಗಳಾವುವು? ಹಣ, ದುಡ್ಡು, ಕಾಸು. ಉತ್ತರ ಕರ್ನಾಟಕದಲ್ಲಿ ರೊಕ್ಕ. ಅದು ಸಾಲ ಹೇಳದೆ ಕೈಮೇಲೆ ಎಣಿಸಿ ಕೊಡುವ ನಗದು, ನಾಣ್ಯದ ಹೆಸರಲ್ಲ, ಅದನ್ನು ಬಿಡೋಣ. ಉಳಿದ ಮೂರೂ ಒಂದು ಕಾಲಕ್ಕೆ ನಿಜವಾದ ನಾಣ್ಯಗಳು. ಮೂರೂ ಚಿಲ್ಲರೆ ನಾಣ್ಯಗಳು.

ಹಣವನ್ನೇ ನೋಡಿ. ಹಳಗನ್ನಡದಲ್ಲಿ ಅದು ಪಣ. ಪಾಲು ಹಾಲಾದಂತೆ, ಪೂವು ಹೂವಾದಂತೆ ಪಣ ಹಣವಾಯಿತು. ಜೂಜಿನಲ್ಲಿ ಒಡ್ಡುವ ಪಣ ಮಾತ್ರ ಪಕಾರವನ್ನು ಬಿಡದೆ ಹಾಗೆಯೇ ಉಳಿದುಕೊಂಡಿತು. ಪ್ರಾಣವನ್ನು ಪಣಕ್ಕಿಟ್ಟು ಎನ್ನುತ್ತೇವೆಯೇ ಹೊರತು ಹಣಕ್ಕಿಟ್ಟು ಎನ್ನುವುದಿಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು (೧೬೩೮–೧೬೫೯) ಅಚ್ಚುಹಾಕಿಸಿದ ಕಂಠೀರಾಯಿ ಹಣ ಪ್ರಸಿದ್ಧವಾದುದು. ಚಿನ್ನದ್ದೇನೋ ನಿಜ, ಆದರೆ ತೂಕ ಅರ್ಧ ಗ್ರಾಮೂ ಇಲ್ಲ. ಅಂಗೈಯಲ್ಲಿಟ್ಟರೆ ಒಂದು ಬೇಳೆಯಷ್ಟು ಕಾಣುತ್ತದೆ. ಅದರ ಮೇಲೆ ನರಸಿಂಹನ ಮೂರ್ತಿ. ಅಂಥ ಹತ್ತು ಹಣ ಸೇರಿದರೆ ಲೆಕ್ಕಕ್ಕೆ ಒಂದು ವರಹ. ಇಂಗ್ಲಿಷರು ಈ ಹಣವನ್ನು ‘ಫನಮ್’ ಎಂದು ಬರೆದುಕೊಂಡರು. ಅಷ್ಟು ಚಿಕ್ಕ ನಾಣ್ಯದ ಹೆಸರು ಇಂದು ಕೋಟಿಗಟ್ಟಲೆಯ ಸಂಪತ್ತನ್ನು ಹೊತ್ತುಕೊಂಡು ನಿಂತಿದೆ. ಹಣಕಾಸಿನ ಮಂತ್ರಿಗಳು ಲಕ್ಷ ಕೋಟಿಗಳ ಆಯವ್ಯಯ ಮಂಡಿಸುವಾಗ ಅವರ ಪದವಿಯ ಹೆಸರಿನಲ್ಲೇ ಎರಡು ಚಿಲ್ಲರೆ ನಾಣ್ಯಗಳು ಗಿಲಕಿಯಾಡುತ್ತಿರುತ್ತವೆ.

ದುಡ್ಡು ತಾಮ್ರದ್ದು. ನಾಲ್ಕು ಕಾಸಿಗೆ ಒಂದು ದುಡ್ಡು, ಮೂರು ದುಡ್ಡಿಗೆ ಒಂದಾಣೆ ಎಂಬುದು ಹಳೆಯ ಮೈಸೂರಿನವರ ಬಾಯಿಲೆಕ್ಕ. ರೂಪಾಯಿಗೆ ನಲವತ್ತೆಂಟು ದುಡ್ಡು. ‘ದುಡ್ಡೇ ದೊಡ್ಡಪ್ಪ’ ಎಂದು ನಾವು ಯಾವುದನ್ನು ಮನೆಯ ಹಿರಿಯನ ಜಾಗದಲ್ಲಿ ಕೂರಿಸಿದ್ದೇವೆಯೋ ಅದು ರೂಪಾಯಿಯ ನಲವತ್ತೆಂಟನೆಯ ಒಂದು ಪಾಲು!

ಕಾಸು ಅದಕ್ಕಿಂತಲೂ ಕೆಳಗಿನದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ನಾಣ್ಯಗಳ ಮೇಲೆ ‘ಮಯಿಲಿ ಕಾಸು’ ಎಂದು ಕನ್ನಡದಲ್ಲಿ ಅಚ್ಚಾಗಿರುವುದನ್ನು ಸಂಗ್ರಹಕಾರರು ಬಲ್ಲರು. ಮೈಸೂರಿನ ಟಂಕಸಾಲೆ ೧೮೩೩ರಲ್ಲಿ ಬೆಂಗಳೂರಿಗೆ ಬಂದು, ೧೮೪೩ರಲ್ಲಿ ಮುಚ್ಚಿಹೋಯಿತು. ಕಾಸಿನ ಬೆಲೆ ಎಲ್ಲ ಸೀಮೆಗಳಲ್ಲೂ ಎಲ್ಲ ಕಾಲದಲ್ಲೂ ಒಂದೇ ಆಗಿರಲಿಲ್ಲ. ಕಂಪನಿಯ ರೂಪಾಯಿ ನೆಲೆನಿಂತ ಮೇಲೆ ನಮ್ಮವರು ಆಣೆಯ ಹನ್ನೆರಡನೆಯ ಪಾಲಾದ ಪೈಯನ್ನೇ ಕಾಸೆಂದು ಕರೆದರು. ಈ ಕಾಸಿಗೆ ದೇಶಸಂಚಾರವೂ ಆಗಿದೆ. ದಕ್ಷಿಣದ ಈ ಮಾತನ್ನು ಪೋರ್ತುಗೀಸರು ‘ಕೈಷ’ ಎಂದು ಮಾಡಿಕೊಂಡರು. ಇಂಗ್ಲಿಷರು ಅದನ್ನು ‘ಕ್ಯಾಷ್’ ಎಂದು ತಿರುಗಿಸಿ ಚೀನಾದ ತೂತಿನ ನಾಣ್ಯಕ್ಕೂ ಅದೇ ಹೆಸರಿಟ್ಟರು. ನಗದು ಎಂಬ ಅರ್ಥದ ಇಂಗ್ಲಿಷ್ ‘ಕ್ಯಾಷ್’ ಬೇರೆ. ಅದು ಹಣದ ಪೆಟ್ಟಿಗೆಯೆಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದುದು. ಎರಡನ್ನೂ ಬೆರೆಸಿ, ಇಂಗ್ಲಿಷರ ನಗದೆಲ್ಲ ನಮ್ಮ ಕಾಸೇ ಎಂದು ಹೆಮ್ಮೆಪಡುವವರನ್ನು ನಾನು ಕಂಡಿದ್ದೇನೆ. ಅಷ್ಟು ದೂರ ಹೋಗಬೇಕಾಗಿಲ್ಲ.

ಹಾಗಾದರೆ ದೊಡ್ಡ ನಾಣ್ಯಗಳು ಎಲ್ಲಿ ಹೋದುವು? ಗದ್ಯಾಣವನ್ನು ಶಾಸನ ಓದುವವರು ಮಾತ್ರ ಬಲ್ಲರು. ವಿಜಯನಗರದ ಕಾಲದಲ್ಲಿ ಮೂರೂವರೆ ಗ್ರಾಮಿನಷ್ಟು ಚಿನ್ನದ ತೂಕವಿದ್ದ ವರಹ ಈಗ ಅಜ್ಜಿಯ ಕತೆಯಲ್ಲಿ ರಾಜಕುಮಾರನ ಸೊಂಟದ ಚೀಲದಲ್ಲಿದೆ. ೧೭೯೯ರ ಒಪ್ಪಂದದಂತೆ ಮೈಸೂರು ಸಂಸ್ಥಾನ ಕಂಪನಿಗೆ ವರ್ಷಕ್ಕೆ ಏಳು ಲಕ್ಷ ನಕ್ಷತ್ರ ವರಹಗಳ ಪೊಗದಿ ಕೊಡಬೇಕಾಗಿತ್ತು. ರಾಜಪತ್ರಗಳಲ್ಲಿ ಅಷ್ಟೊಂದು ವರಹ ಓಡಾಡಿದರೂ ಸಂಪತ್ತಿಗೆ ವರಹವೆಂಬ ಹೆಸರು ಜನರ ಬಾಯಲ್ಲಿ ನಿಲ್ಲಲಿಲ್ಲ. ಹೊನ್ನು ಉಳಿಯಿತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಹೆಣ್ಣು ಹೊನ್ನು ಮಣ್ಣು ಎನ್ನುವಾಗ ಮನಸ್ಸಿಗೆ ಬರುವುದು ಲೋಹವೇ ಹೊರತು ನಾಣ್ಯವಲ್ಲ.

ಟಿಪ್ಪೂ ಸುಲ್ತಾನನ ಉದಾಹರಣೆ ಇನ್ನೂ ಸ್ವಾರಸ್ಯವಾದುದು. ತನ್ನ ಒಂದೊಂದು ನಾಣ್ಯಕ್ಕೂ ಅವನು ಒಂದೊಂದು ಹೆಸರಿಟ್ಟ. ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ವರಹ ಫಾರೂಕಿ. ಆನೆಯ ಚಿತ್ರವಿದ್ದ ತಾಮ್ರದ ಪೈಸೆಗೆ ಶುಕ್ರಗ್ರಹದ ಹೆಸರು, ಜೊಹ್ರಾ. ಅರೆಪೈಸೆಗೆ ಮಂಗಳನ ಹೆಸರು, ಬಹ್ರಾಮ್. ಚಿಲ್ಲರೆಯನ್ನು ಆಕಾಶಕ್ಕೇರಿಸಿದ ಈ ಕಲ್ಪನೆ ಸುಂದರವಾಗಿತ್ತು. ಸಂತೆಯಲ್ಲಿ ಸೊಪ್ಪು ಮಾರುವವಳಿಗೆ ಶುಕ್ರನೂ ಬೇಡವಾಗಿತ್ತು, ಮಂಗಳನೂ ಬೇಡವಾಗಿತ್ತು. ಆ ಹೆಸರುಗಳಲ್ಲಿ ಒಂದೂ ಕನ್ನಡದ ಆಡುಮಾತಿನಲ್ಲಿ ಬೇರೂರಲಿಲ್ಲ. ಕೈಯಿಂದ ಕೈಗೆ ದಿನಕ್ಕೆ ಹತ್ತು ಸಲ ದಾಟುವ ನಾಣ್ಯಕ್ಕೆ ಹೆಸರಿಡುವವರು ಅದನ್ನು ದಾಟಿಸುವವರೇ. ವರಹವನ್ನು ವರ್ಷಕ್ಕೊಮ್ಮೆ ಕೂಡ ಕಾಣದ ಜನಕ್ಕೆ ಸಂಪತ್ತೆಂದರೆ ತಾವು ಕಂಡ ದುಡ್ಡು, ತಾವು ಸೆರಗಿನಲ್ಲಿ ಗಂಟುಹಾಕಿದ ಕಾಸು. ‘ಕಾಸಿಗೆ ತಕ್ಕ ಕಜ್ಜಾಯ’, ‘ಕಾಸಿದ್ದರೆ ಕೈಲಾಸ’ ಎಂಬ ಗಾದೆಗಳನ್ನು ಕಟ್ಟಿದವರೂ ಅವರೇ. ಹಣೆಯ ಕುಂಕುಮಕ್ಕೂ ಅಳತೆ ಕಾಸಗಲವೇ ಆಯಿತು.

ಮಾತಿಗೆ ಇನ್ನೊಂದು ಮುಖವಿದೆ. ಸಂಪತ್ತಿಗೆ ಹೆಸರು ಕೊಟ್ಟ ಅದೇ ನಾಣ್ಯ ತಿರಸ್ಕಾರಕ್ಕೂ ಹೆಸರಾಯಿತು. ‘ಮೂರು ಕಾಸಿನ ಮನುಷ್ಯ’ ಎನ್ನುತ್ತೇವೆ. ಎರಡೂ ಅಲ್ಲದೆ ನಾಲ್ಕೂ ಅಲ್ಲದೆ ಮೂರೇ ಏಕೆ? ಹನ್ನೆರಡು ಕಾಸಿಗೆ ಒಂದಾಣೆಯೆಂದರೆ ಮೂರು ಕಾಸಿಗೆ ಕಾಲಾಣೆ, ಎಂದರೆ ಹಳೆಯ ಒಂದು ಪೈಸೆ. ಅಂಗಡಿಯಲ್ಲಿ ಏನನ್ನಾದರೂ ಕೊಳ್ಳಲು ಸಾಮಾನ್ಯವಾಗಿ ಬಿಚ್ಚಬೇಕಾಗಿದ್ದ ಬಿಲ್ಲೆ ಅದು. ಈ ಬೈಗುಳ ಅಲ್ಲಿಂದ ಬಂದಿರಬೇಕೆಂದು ನನ್ನ ಊಹೆ.

‘ಕವಡೆ ಕಾಸಿನ ಕಿಮ್ಮತ್ತಿಲ್ಲ’ ಎಂಬ ಮಾತು ಇದಕ್ಕಿಂತ ಕಟುವಾದುದು. ಕವಡೆಯನ್ನು ನಾವು ಚೌಕಾಬಾರದ ಮನೆಯಲ್ಲಿ, ಸವದತ್ತಿ ಎಲ್ಲಮ್ಮನ ಜೋಗತಿಯರ ಕೊರಳಿನಲ್ಲಿ, ಗೊರವರ ಉಡುಪಿನಲ್ಲಿ ಕಂಡವರು. ಬಂಗಾಳದಲ್ಲಿ ಅದು ಸಾಕ್ಷಾತ್ ನಾಣ್ಯ. ಮಾಲ್ಡೀವ್ ದ್ವೀಪಗಳಿಂದ ಹಡಗುಗಟ್ಟಲೆ ಕವಡೆ ಅಲ್ಲಿಗೆ ಬರುತ್ತಿತ್ತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸಿಲ್ಹೆಟ್ ಜಿಲ್ಲೆಯ ಕಂದಾಯವೇ ಕವಡೆಗಳಲ್ಲಿ ಸಂದಾಯವಾಗುತ್ತಿತ್ತು. ರೂಪಾಯಿಗೆ ೫,೧೨೦ ಕವಡೆ. ಆ ರಾಶಿಯನ್ನು ತುಂಬಿಡಲು ಉಗ್ರಾಣ ಬೇಕು, ಸಾಗಿಸಲು ದೋಣಿಗಳು ಬೇಕು. ಆ ದರದಲ್ಲಿ ಲೆಕ್ಕಹಾಕಿದರೆ ಒಂದು ಪೈಗೆ ಇಪ್ಪತ್ತಾರಕ್ಕೂ ಹೆಚ್ಚು ಕವಡೆ ಬರುತ್ತವೆ. ಮನುಷ್ಯನೊಬ್ಬನನ್ನು ಕವಡೆಗೆ ಸಮವಲ್ಲವೆನ್ನುವಾಗ ಅವನನ್ನು ಎಷ್ಟು ಕೆಳಕ್ಕೆ ಇಳಿಸುತ್ತಿದ್ದೇವೆಂಬುದು ಈ ಅಂಕಿಯಿಂದ ತಿಳಿಯುತ್ತದೆ. ಇದರ ಜೊತೆಗೆ ಹೇಳಬೇಕಾದುದು ದಮ್ಮಡಿಯ ಮಾತು. ಪೈಸೆಯ ಒಂದು ತುಣುಕಾದ ಅದು ‘ದಮ್ಮಡಿ ಬೆಲೆಯಿಲ್ಲ’ ಎಂಬಲ್ಲಿ ಮಾತ್ರ ಈಗ ಬದುಕಿದೆ.

ಒಳ್ಳೆಯ ಮಾತುಗಳೂ ಇಲ್ಲದಿಲ್ಲ. ‘ನಾಣ್ಯಸ್ಥ’ ಎಂಬುದನ್ನು ನೋಡಿ. ಕೊಟ್ಟ ಮಾತಿಗೆ ತಪ್ಪದವನು, ನಂಬಿ ವ್ಯವಹಾರ ಮಾಡಬಹುದಾದವನು. ಒಂದೊಂದು ಪಾಳೆಯಪಟ್ಟಿನಲ್ಲಿ ಒಂದೊಂದು ನಾಣ್ಯ ಓಡುತ್ತಿದ್ದ ಕಾಲದಲ್ಲಿ ಚಿನಿವಾರ ಪ್ರತಿಯೊಂದನ್ನೂ ತೂಗಿ, ಒರೆಗೆ ಹಚ್ಚಿ, ಸವೆದುದಕ್ಕೆ ವಟ್ಟ ಮುರಿದುಕೊಂಡು ಬೆಲೆ ಕಟ್ಟುತ್ತಿದ್ದ. ಒರೆ ತಪ್ಪದ ನಾಣ್ಯದಂತೆ ನಡತೆಯಲ್ಲಿ ನಿಂತವನು ನಾಣ್ಯಸ್ಥ. ‘ಸಲ್ಲು’ ಎಂಬ ಕ್ರಿಯಾಪದವೂ ಹಾಗೆಯೇ. ‘ಅವರಿಗೆ ಸಲ್ಲಬೇಕಾದ ಗೌರವ’ ಎಂದು ಸನ್ಮಾನಪತ್ರದಲ್ಲಿ ಬರೆಯುವಾಗ ನಾವು ಬಳಸುವುದು ಅಂಗಡಿಬೀದಿಯಲ್ಲೂ ಓಡಾಡಿದ ಮಾತನ್ನು. ನಾಣ್ಯ ಸಲ್ಲುತ್ತದೆ ಅಥವಾ ಸಲ್ಲದು. ಬಸವಣ್ಣನವರ ಪ್ರಸಿದ್ಧವಾದ ವಚನವೊಂದು ಈ ಲೋಕವನ್ನೇ ದೇವರ ಟಂಕಸಾಲೆಯಾಗಿ ಕಂಡಿದೆ. ಆ ವಚನದಲ್ಲಿ ಬರುವ ಸಲ್ಲುವಿಕೆಯ ಮಾತನ್ನು ನಾಣ್ಯದ ಸಂಬಂಧ ತಿಳಿಯದೆ ಓದಿದರೆ ಅರ್ಥ ಅರ್ಧಕ್ಕೆ ನಿಲ್ಲುತ್ತದೆ. ನಮ್ಮ ಪಠ್ಯಪುಸ್ತಕಗಳ ಟಿಪ್ಪಣಿಗಳು ಇದನ್ನು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು.

ಅಳತೆಯ ಮಾತುಗಳನ್ನು ಇಲ್ಲಿ ಹೆಚ್ಚು ಬೆಳೆಸುವುದಿಲ್ಲ. ಗೇಣು, ಚೋಟು, ಮಾರುಗಳು ನಮ್ಮ ಮೈಗೇ ಅಂಟಿಕೊಂಡಿರುವುದರಿಂದ ಕೈಕಾಲು ಇರುವವರೆಗೂ ಅರ್ಥವಾಗುತ್ತವೆ. ‘ಒಂದು ಗಳಿಗೆ ತಾಳು’ ಎಂಬಲ್ಲಿಯ ಗಳಿಗೆ ಇಪ್ಪತ್ತನಾಲ್ಕು ನಿಮಿಷವೆಂಬುದು ಪಂಚಾಂಗ ನೋಡುವವರಿಗೆ ಗೊತ್ತು. ಆ ಹೆಸರು ನೀರಿನಲ್ಲಿ ತೇಲಿಬಿಟ್ಟು ಹೊತ್ತು ಅಳೆಯುತ್ತಿದ್ದ ತೂತಿನ ಬಟ್ಟಲಿನದು. ‘ಸೇರಿಗೆ ಸವ್ವಾಸೇರು’ ಮಾತ್ರ ಒಂದು ನಿಮಿಷ ನಿಂತು ನ

ೋಡಬೇಕಾದ ಮಾತು. ಸವ್ವಾ ಎಂದರೆ ಕಾಲು ಹೆಚ್ಚು. ಎದುರಾಳಿ ಒಂದು ಸೇರಾದರೆ ತಾನು ಒಂದೂಕಾಲು ಸೇರು. ಎರಡು ಸೇರು, ಹತ್ತು ಸೇರು ಎಂದು ಕೊಚ್ಚಿಕೊಳ್ಳದೆ ಕಾಲು ಹೆಚ್ಚಾದರೆ ಸಾಕೆಂದ ಆ ವ್ಯಾಪಾರಿಯ ಮಿತಿ ನನಗೆ ಬಹಳ ಹಿಡಿಸುತ್ತದೆ. ೧೯೫೮ರ ಅಕ್ಟೋಬರಿನಿಂದ ಹಂತಹಂತವಾಗಿ ಕಿಲೋಗ್ರಾಮು ಬಂದು ಸೇರನ್ನು ಅಂಗಡಿಯಿಂದ ಕಳಿಸಿತು. ಕಿಲೋಗೆ ಸವ್ವಾಕಿಲೋ ಎಂದು ಯಾರೂ ಹೇಳಲಿಲ್ಲ.

ಆಣೆಯ ಕೊನೆ ಅದಕ್ಕೂ ಮೊದಲೇ ಆಯಿತು. ೧೯೫೭ರ ಏಪ್ರಿಲ್ ೧ರಂದು ರೂಪಾಯಿಗೆ ನೂರು ನಯಾ ಪೈಸೆ ಎಂಬ ಲೆಕ್ಕ ಜಾರಿಗೆ ಬಂತು. ನಾಲ್ಕಾಣೆಗೆ ಇಪ್ಪತ್ತೈದು ಸರಿಹೋಯಿತು. ಒಂದಾಣೆಗೆ ಆರೂಕಾಲು ಆಗಬೇಕು, ಕಾಲನ್ನು ಎಲ್ಲಿಂದ ತರುವುದು? ಸರ್ಕಾರದ ಪಟ್ಟಿಯಲ್ಲಿ ಒಂದಾಣೆಗೆ ಆರು, ಎರಡಾಣೆಗೆ ಹನ್ನೆರಡು, ಮೂರಾಣೆಗೆ ಹತ್ತೊಂಬತ್ತು ಎಂದು ಗೊತ್ತುಮಾಡಿದರು. ಹದಿನಾರನ್ನು ನೂರಕ್ಕೆ ಹೊಂದಿಸುವ ಈ ತಿಣುಕಾಟದಲ್ಲಿ ಆಣೆ ಸೋತಿತಾದರೂ, ಇಪ್ಪತ್ತೈದು ಪೈಸೆಯನ್ನು ನಾಲ್ಕಾಣೆಯೆಂದೂ ಐವತ್ತನ್ನು ಎಂಟಾಣೆಯೆಂದೂ ಜನ ಕರೆಯುತ್ತಲೇ ಬಂದರು. ೨೦೧೧ರ ಜೂನ್ ೩೦ರ ನಂತರ ಇಪ್ಪತ್ತೈದು ಪೈಸೆಯ ನಾಣ್ಯವೇ ಸಲ್ಲದಾಯಿತು.

ಹೊಸ ಪದ್ಧತಿ ಕನ್ನಡಕ್ಕೆ ಒಂದೇ ಒಂದು ನುಡಿಗಟ್ಟನ್ನು ಕೊಟ್ಟಿತು. ಹಳೆಯ ಪೈಸೆಯಿಂದ ಬೇರೆಯೆಂದು ತೋರಿಸಲು ಸೇರಿಸಿದ್ದ ‘ನಯಾ’ ಎಂಬ ವಿಶೇಷಣವನ್ನು ಸರ್ಕಾರ ೧೯೬೪ರ ಜೂನ್ ೧ರಂದು ತೆಗೆದುಹಾಕಿತು. ಅದು ನಾಣ್ಯದ ಮೇಲೆ ಇದ್ದುದು ಏಳು ವರ್ಷ ಮಾತ್ರ. ಇಂದಿಗೂ ಜಿಪುಣನ ಬಗ್ಗೆ ಮಾತೆತ್ತಿದರೆ ‘ಅವನು ಒಂದು ನಯಾಪೈಸೆ ಬಿಚ್ಚುವುದಿಲ್ಲ’ ಎನ್ನುತ್ತಾರೆ. ಹಾಗೆನ್ನುವವರಲ್ಲಿ ಮುಕ್ಕಾಲು ಮೂರುವೀಸ ಜನ ಆ ನಾಣ್ಯವನ್ನು ಕೈಯಲ್ಲಿ ಹಿಡಿದವರಲ್ಲ.